ನಮ್ಮವರ ಪಿಕಪ್ಪಿಗೆ ಎರಡಡಿ ಕತ್ತರಿ

ಕೆಲವರ ಮನೆಯಲ್ಲಿ ದಿನಗಳು ಉರುಳುತ್ತವೆ, ನಮ್ಮ ಮನೆಯಲ್ಲಿ ಎಡವುತ್ತವೆ. ಕೊರೊನಾ ಕಾಲದಲ್ಲಿ ಬೇರೆಯವರ ಗಂಡಂದಿರು ಬ್ರೆಡ್ ಮಾಡುವುದು ಕಲಿತರು, ಕುಂಡದಲ್ಲಿ ಕೊತ್ತಂಬರಿ ಬೆಳೆದರು, ಗಡ್ಡ ಬಿಟ್ಟು ಆಮೇಲೆ ಬೋಳಿಸಿದರು. ನಮ್ಮವರು ಹದಿನಾರೂವರೆ ಅಡಿ ಉದ್ದದ ಒಂದು ಹಳೇ ಪಿಕಪ್ ಗಾಡಿಯನ್ನು ಹದಿನಾಲ್ಕೂವರೆ ಅಡಿಗೆ ಇಳಿಸಿದರು. ಎರಡಡಿ ಕಡಿಮೆ ಮಾಡುವುದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಆ ವರ್ಷದಲ್ಲಿ ನಾನು ಬಾಯಿ ಬಿಟ್ಟುಕೊಂಡು ನಿಂತ ಸಂದರ್ಭಗಳು ಎಷ್ಟೋ, ಬಾಯಿಗೆ ಮಾಸ್ಕ್ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ಬಾಲ

ನಾವಿರುವುದು ಮಲಯ ದೇಶದ ಸುಬಾಂಗ್ ಜಯಾದ ಒಂದು ಸಾಲುಮನೆಯಲ್ಲಿ. ಮುಂದೆ ಪೋರ್ಚು, ಅದಕ್ಕೊಂದು ಗೇಟು, ಗೇಟಿನಾಚೆ ಎರಡು ಕಾರು ಎದುರುಬದುರಾದರೆ ಒಳಗಿದ್ದವರೂ ಹೊಟ್ಟೆ ಎಳೆದುಕೊಳ್ಳುವಷ್ಟು ಕಿರಿದಾದ ಬೀದಿ. ನಾನು ಬೆಂಗಳೂರಿನವಳು, ನಮ್ಮವರು ಹುಬ್ಬಳ್ಳಿಯವರು. ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಅವರ ಕೆಲಸ ಅಕ್ಕಿಕಾಳಿಗಿಂತ ಚಿಕ್ಕ ಸ್ಕ್ರೂಗಳನ್ನು ಅಳೆಯುವುದು. ಕೂದಲೆಳೆಯ ಕಾಲುಭಾಗದಷ್ಟು ತಪ್ಪಿದ್ದರೂ ಇಡೀ ಪೆಟ್ಟಿಗೆಯನ್ನು ಬಂದ ದಾರಿಗೇ ವಾಪಸ್ ಕಳಿಸುವ ಮನುಷ್ಯ. ಮನೆಯಲ್ಲೂ ಅಷ್ಟೇ, ನಾನು ಹೆಚ್ಚಿದ ಹುರಳಿಕಾಯಿ ಒಂದೇ ಅಳತೆಯಲ್ಲಿಲ್ಲ ಎಂದು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ತೋರಿಸುತ್ತಾರೆ.

ಮೊದಲನೇ ಲಾಕ್‌ಡೌನ್ ಸಡಿಲವಾದ ಮೇಲೆ ಒಂದು ಭಾನುವಾರ ಇವರು ಪಕ್ಕದ ರಾಜ್ಯದ ನಿಲಾಯ್‌ಗೆ ಸ್ನೇಹಿತರನ್ನು ನೋಡಿಬರುತ್ತೇನೆ ಎಂದು ಹೋದರು. ಸಂಜೆ ಬಂದದ್ದು ಸೊಪ್ಪಿನ ಬಣ್ಣದ ಒಂದು ಜಪಾನಿ ಪಿಕಪ್‌ನಲ್ಲಿ. ಎಣ್ಣೆತಾಳೆ ಎಸ್ಟೇಟಿನ ನಿವೃತ್ತ ಗುಮಾಸ್ತರೊಬ್ಬರು ಮಾರಿದ್ದಂತೆ. ಗಾಡಿ ನನಗಿಂತ ಮೂರು ವರ್ಷ ದೊಡ್ಡದು, ಆದರೆ ನನಗಿಂತ ಚೆನ್ನಾಗಿ ಇಟ್ಟಿದ್ದರು. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಒಂದು ಸಣ್ಣ ಮದುವೆಯ ಊಟದ ಪಂಕ್ತಿ ಹಾಕಬಹುದಾದಷ್ಟು ಉದ್ದದ ತೊಟ್ಟಿ. ಇದು ನಮಗೇಕೆ ಎಂದು ಕೇಳಿದೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು, ನನ್ನನ್ನು ನೋಡಲು ಬಂದ ದಿನವೂ ಕಾಣದಿದ್ದ ಒಂದು ಮುಖ ಮಾಡಿಕೊಂಡು ಹೇಳಿದರು.

"ದಿನಾ ಕಣ್ಣಿಗೆ ಕಾಣದಿದ್ದುದ್ನ ಅಳೀತೀನಿ. ಒಂದಾದ್ರೂ ಕಣ್ಣಿಗೆ ಕಾಣೂ ಹಂಗ ಇರ್ಲಿ ಬಿಡು."

ಕಂಡಿತು. ಇಡೀ ಬೀದಿಗೆ ಕಂಡಿತು. ಪೋರ್ಚಿನೊಳಗೆ ಗೋಡೆಗೆ ಮೂತಿ ಒತ್ತಿ ನಿಲ್ಲಿಸಿದರೂ ಒಂದೂವರೆ ಅಡಿ ಬಾಲ ಗೇಟಿನಾಚೆ ಉಳಿಯಿತು. ನಮ್ಮ ಹನ್ನೆರಡು ವರ್ಷದ ಮಗಳು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಒಂದು ಸಲ ಮೂತಿಯಿಂದ ಬಾಲದವರೆಗೆ ನಡೆದು ನೋಡಿ, "ಅಪ್ಪಾ, ಇಟ್ಸ್ ನಾಟ್ ಎ ಕಾರ್. ಇಟ್ಸ್ ಎ ರೋಡ್" ಎಂದಳು.

ವಾರದೊಳಗೆ ಬಡಾವಣೆಯ ಸಮಿತಿಯಿಂದ ಪತ್ರ ಬಂತು. ಗಾಡಿ ಗೇಟಿನೊಳಗೆ ಇರಬೇಕು, ಇಲ್ಲವಾದರೆ ಬೀದಿಯಲ್ಲೇ ಇರಬಾರದು, ಕಸದ ಲಾರಿ ತಿರುಗಲು ಆಗುತ್ತಿಲ್ಲ. ಪತ್ರ ಬಹಳ ಮರ್ಯಾದೆಯಿಂದ ಬರೆದಿದ್ದರು, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಮಾರಿಬಿಡಿ ಎಂದೆ. ಅವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ, ಗಾಡಿಯನ್ನು ಕತ್ತರಿಸಿ ಗಿಡ್ಡ ಮಾಡಿಸುತ್ತೇನೆ, ಆಮೇಲೂ ಗೇಟು ಮುಚ್ಚದಿದ್ದರೆ ಅವತ್ತೇ ಮಾರುತ್ತೇನೆ, ನಿನ್ನಾಣೆ ಎಂದರು. ನನ್ನ ಆಣೆಯನ್ನು ಅವರು ಅಷ್ಟು ಸುಲಭಕ್ಕೆ ಹಾಕುವವರಲ್ಲ, ಒಪ್ಪಿದೆ. ಮಾತು ಮುಗಿಸಿ ಹೊರಗೆ ಬಂದು ನೋಡಿದರೆ, ಉದ್ದ ಕಬ್ಬಿಣದ ಸರಳು ಸಾಗಿಸುವಾಗ ತುದಿಗೆ ಕಟ್ಟುತ್ತಾರಲ್ಲ, ಹಾಗೆ ಯಾರೋ ಪುಣ್ಯಾತ್ಮರು ನಮ್ಮ ಗಾಡಿಯ ಬಾಲಕ್ಕೆ ಕೆಂಪು ಪ್ಲಾಸ್ಟಿಕ್ ಚೀಲ ಕಟ್ಟಿ ಹೋಗಿದ್ದರು.

ಸಾಮಾನು

ಸುಬಾಂಗ್ ಜಯಾದಲ್ಲಿ ಮೂರು ವರ್ಕ್‌ಶಾಪಿನವರು ಕೆಲಸ ಕೇಳಿ ನಕ್ಕು ಕಳಿಸಿದರು. ಗಾಡಿ ಮಾರಿದ ಗುಮಾಸ್ತರು ಮಾತ್ರ, ನಿಲಾಯ್‌ನಲ್ಲಿ ಒಬ್ಬ ಮುದುಕರಿದ್ದಾರೆ, ಅವರು ಮಾಡದಿದ್ದರೆ ಈ ದೇಶದಲ್ಲಿ ಯಾರೂ ಮಾಡುವುದಿಲ್ಲ ಎಂದರು. ಆಗ ರಾಜ್ಯದ ಗಡಿ ದಾಟಲು ಬಿಡುತ್ತಿದ್ದರು. ಹೇಗೂ ಹೋಗುತ್ತೇವೆ, ಅಲ್ಲಿನ ಹಾಸ್ಟೆಲಿನಲ್ಲಿ ನಮ್ಮ ಕಡೆಯ ನಾಲ್ಕು ಜನ ವಿದ್ಯಾರ್ಥಿನಿಯರು ಊರಿಗೆ ಹೋಗಲಾಗದೆ ಸಿಕ್ಕಿಹಾಕಿಕೊಂಡಿದ್ದಾರೆ ಎಂದು, ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಅಕ್ಕಿ, ಬೇಳೆ, ಸಾರಿನಪುಡಿ, ಉಪ್ಪಿನಕಾಯಿ, ಹಪ್ಪಳ ಎಲ್ಲ ತಂದು ತೊಟ್ಟಿಯ ತುಂಬ ಪೇರಿಸಿದೆ. ಉದ್ದದ ಗಾಡಿಯ ಉಪಯೋಗ ನನಗೆ ಅರ್ಥವಾದದ್ದು ಅದನ್ನು ಕತ್ತರಿಸಲು ಒಯ್ಯುವ ದಿನ.

ಹೆದ್ದಾರಿಯಲ್ಲಿ ಪೊಲೀಸರು ತಡೆದರು. ನಮ್ಮವರ ಮಲಯ ಭಾಷೆ ಮಾಮಾಕ್ ಎನ್ನುವ ಬೀದಿಬದಿಯ ಹೋಟೆಲುಗಳಲ್ಲಿ ಚಹಾ ಕುಡಿಯುತ್ತ ಕಲಿತದ್ದು. ಟೀಗೆ ಸಕ್ಕರೆ ಕಡಿಮೆ, ರೊಟ್ಟಿ ಎರಡು, ಬಿಲ್ ಎಷ್ಟು ಎನ್ನುವವರೆಗೆ ಬಹಳ ಚೆನ್ನಾಗಿದೆ. ಆದರೆ ತಮಗೆ ಪೂರ್ತಿ ಬರುತ್ತದೆ ಎಂದು ಅವರ ನಂಬಿಕೆ. ಪೊಲೀಸಿನವನು ಕಿಟಕಿಯ ಹತ್ತಿರ ಬಂದು "ಸಮನ್ ಅದಾ?" ಎಂದು ಕೇಳಿದ. ಅದಾ ಅಂದರೆ ಇದೆಯಾ ಎಂದು ನನಗೂ ಗೊತ್ತು. ಸಾಮಾನು ಇದೆಯಾ ಎಂದು ಕೇಳುತ್ತಿದ್ದಾನೆ, ಎಷ್ಟು ಚೆಂದದ ಹುಡುಗ, ನಮ್ಮ ಮಾತಿನಲ್ಲೇ ಕೇಳುತ್ತಿದ್ದಾನೆ ಎಂದುಕೊಂಡೆ.

ನಮ್ಮವರು ಎದೆಯುಬ್ಬಿಸಿ "ಅದಾ, ಅದಾ, ಬಾಞಾಕ್" ಎಂದರು. ಇದೆ, ಬೇಕಾದಷ್ಟಿದೆ ಎಂದು. ಅವನು ಹುಬ್ಬೇರಿಸಿದ. ಇವರು ಹಿಂದಕ್ಕೆ ಬೆರಳು ತೋರಿಸಿ, ಹಿಂದೆ ಪೂರ್ತಿ ತುಂಬಿದೆ, ಇನ್ನೂ ಮನೆಯಲ್ಲಿ ಸ್ವಲ್ಪ ಉಳಿದಿದೆ, ಮುಂದಿನ ವಾರ ತರುತ್ತೇನೆ ಎಂದು ವಿವರಿಸಿದರು. ಅವನು ಗಾಡಿಯನ್ನು ಪಕ್ಕಕ್ಕೆ ಹಾಕಿಸಿ ತನ್ನ ಮೇಲಧಿಕಾರಿಯನ್ನು ಕರೆದ.

ಮಲಯದಲ್ಲಿ ಸಮನ್ ಎಂದರೆ ಸಾಮಾನಲ್ಲ, ಟ್ರಾಫಿಕ್ ದಂಡದ ಚೀಟಿ. ಅಧಿಕಾರಿ ಗಾಡಿಯ ನಂಬರು ಒತ್ತಿ ನೋಡಿದರು, ಇವರ ಲೈಸೆನ್ಸ್ ನಂಬರು ಒತ್ತಿ ನೋಡಿದರು, ಎರಡರ ಮೇಲೂ ಒಂದೇ ಒಂದು ದಂಡ ಇರಲಿಲ್ಲ. ಮತ್ತೊಮ್ಮೆ ಒತ್ತಿದರು. ಕೊನೆಗೆ ಇಂಗ್ಲಿಷ್ ಬಲ್ಲ ಅವರು ವಿಷಯ ತಿಳಿದು, ನಗದೆ, ನಮ್ಮವರನ್ನು ಸ್ವಲ್ಪ ಹೊತ್ತು ಗೌರವದಿಂದ ನೋಡಿದರು. ರಸ್ತೆಯಲ್ಲಿ ನಿಂತು ತಲೆ ನೆರೆಯಿತು, ದಂಡ ಇಟ್ಟುಕೊಂಡು ಇಲ್ಲ ಎನ್ನುವವರನ್ನೇ ದಿನಾ ನೋಡುತ್ತೇನೆ, ಇಲ್ಲದ ದಂಡವನ್ನು ಇದೆ ಎಂದು ಒಪ್ಪಿಕೊಂಡು ಉಳಿದದ್ದನ್ನು ಮುಂದಿನ ವಾರ ತರುತ್ತೇನೆ ಎಂದವರು ನೀವೊಬ್ಬರೇ ಎಂದರು.

ಕಡಿಮೆಗೆ ಹೆಚ್ಚು

ಆ ಮುದುಕರನ್ನು ಎಲ್ಲರೂ ಅಂಕಲ್ ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಚೀನೀಯರು, ಚಡ್ಡಿ, ಬನಿಯನ್ನು, ಕಿವಿಯ ಮೇಲೆ ಸಿಕ್ಕಿಸಿದ ಸೀಮೆಸುಣ್ಣ. ತಗಡಿನ ಮಾಡಿನ ಕೆಳಗೆ ಒಂದು ವರ್ಕ್‌ಶಾಪು. ಮಾತು ಮಲಯದಲ್ಲಿ, ಅದೂ ದಿನಕ್ಕೆ ಇಷ್ಟೇ ಎಂದು ಪಡಿತರ ಕೊಟ್ಟಂತೆ.

ಅವರು ಗಾಡಿಯ ಸುತ್ತ ಎರಡು ಸುತ್ತು ಹಾಕಿದರು. ಒಂದು ಸ್ಪ್ಯಾನರಿನಿಂದ ಅಡಿಯ ಚಾಸಿಯನ್ನು ಅಲ್ಲಲ್ಲಿ ಕುಟ್ಟಿ, ತಲೆ ವಾಲಿಸಿ ಕೇಳಿಸಿಕೊಂಡರು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿ ಬರೆದರು. ಒಂದೇ ಎಳೆತಕ್ಕೆ ಬರೆದ ಆ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ತುಳಿಯಲು ನನಗೆ ಮನಸ್ಸಾಗಲಿಲ್ಲ. ಬಾಲ ಹೆಚ್ಚಾಗಿದೆ ಎಂದು ಬಾಲವನ್ನಷ್ಟೇ ಕತ್ತರಿಸಿದರೆ ಹಿಂದಿನ ಚಕ್ರ ಗಾಡಿಯ ತುದಿಗೆ ಬಂದು ಕೂರುತ್ತದೆ, ಗಾಡಿ ಕುಕ್ಕರಗಾಲಲ್ಲಿ ಕೂತಂತೆ ಕಾಣುತ್ತದೆ. ಚಕ್ರದ ಮುಂದೆ ಒಂದು ತುಂಡು, ಹಿಂದೆ ಒಂದು ತುಂಡು ತೆಗೆದು, ಚಕ್ರವನ್ನೇ ಮುಂದಕ್ಕೆ ತಂದು ಬೆಸೆಯಬೇಕು. ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟು ಉದ್ದವಾಗುತ್ತದೆ, ಅದನ್ನೂ ಕತ್ತರಿಸಬೇಕು. ಬ್ರೇಕಿನ ಪೈಪು, ಪೆಟ್ರೋಲಿನ ಪೈಪು, ತೊಟ್ಟಿಯ ನೆಲ, ಎರಡು ಪಕ್ಕದ ತಗಡು, ಬಣ್ಣ, ಕೊನೆಗೆ ಸರ್ಕಾರಿ ತಪಾಸಣೆಯ ಕಾಗದ.

ಒಂದೊಂದು ಹೆಸರು ಹೇಳುವಾಗಲೂ ರಟ್ಟಿನ ತುಂಡಿನ ಮೇಲೆ ಒಂದೊಂದು ಅಂಕಿ ಬರೆದರು. ಮೊದಲನೆಯದು ಕತ್ತರಿಸುವ ಕೂಲಿ, ಬಹಳ ಸಣ್ಣ ಅಂಕಿ. ಅದನ್ನು ನೋಡಿ ನಮ್ಮವರು ನನ್ನ ಕಡೆ ಗೆದ್ದವರಂತೆ ತಿರುಗಿದರು. ಉಳಿದವು ಬರುತ್ತಿದ್ದ ಹಾಗೆ ಮೆಲ್ಲನೆ ವಾಪಸ್ ತಿರುಗಿದರು. ಗಾಡಿ ಕೊಂಡದ್ದು ಎಂಟು ಸಾವಿರ ರಿಂಗಿಟ್‌ಗೆ, ಗಿಡ್ಡ ಮಾಡುವುದಕ್ಕೆ ಒಂಬತ್ತು. ಅಂಕಲ್ ನಮ್ಮಿಬ್ಬರ ಮುಖ ನೋಡಿ ಅವತ್ತಿನ ಪಡಿತರದಲ್ಲಿ ಉಳಿದ ನಾಲ್ಕು ಮಾತನ್ನು ಖರ್ಚು ಮಾಡಿದರು.

"ಪೊತೊಂಗ್ ಮುರಾ. ಸಂಬುಂಗ್ ಮಹಲ್."

ಕತ್ತರಿಸುವುದು ಅಗ್ಗ, ಕೂಡಿಸುವುದು ದುಬಾರಿ. ಅದನ್ನು ಗುರುಗಳು ಉಪದೇಶ ಕೊಟ್ಟಂತೆ ಹೇಳಲಿಲ್ಲ, ಟೊಮೆಟೊ ಬೆಲೆ ಹೇಳಿದಂತೆ ಹೇಳಿದರು. ಆದರೂ ನಾನು ಹದಿನಾರು ವರ್ಷದ ದಾಂಪತ್ಯವನ್ನು ಒಂದು ಕ್ಷಣ ನೆನೆದುಕೊಂಡೆ.

ದುಡ್ಡು ಎಲ್ಲಿಂದ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಅಕ್ಕನ ಮಗಳ ಮದುವೆಗೆ ಬೆಂಗಳೂರಿಗೆ ಹೋಗಲು ತೆಗೆದ ಟಿಕೆಟ್‌ಗಳು ರದ್ದಾಗಿ ಹಣ ವಾಪಸ್ ಬಂದಿತ್ತು. ಮದುವೆಯನ್ನು ನಾನು ಅಡುಗೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ಫೋನಿನಲ್ಲಿ ನೋಡಿ, ಅತ್ತು, ಸೀರೆ ಮಡಿಸಿಟ್ಟಿದ್ದೆ. ಆ ದುಡ್ಡನ್ನು ಮುಟ್ಟಲು ನನಗೆ ಮನಸ್ಸಿರಲಿಲ್ಲ. ಆದರೆ ಅಂಕಲ್ ಬರೆದ ಚಿತ್ರವನ್ನು ಇವರು ಬಗ್ಗಿ ನೋಡುತ್ತಿದ್ದ ರೀತಿ ನೋಡಿ, ನಾನೇ ಮೊದಲು ಹೂಂ ಎಂದೆ.

ಸಂಜೆ ಹುಬ್ಬಳ್ಳಿಯಿಂದ ಅತ್ತೆಯವರು ಫೋನ್ ಮಾಡಿದಾಗ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, ಸ್ವಲ್ಪ ಯೋಚಿಸಿ, "ಎರಡ ಅಡಿ ಅವರ ಇಟ್ಗೊಂತಾರಂದ್ರ ರೊಕ್ಕ ಅವರ ಕೊಡಬೇಕಲ್ಲವಾ ನಮಗ?" ಎಂದರು.

ಮೊಳ

ಗಾಡಿ ನಿಲಾಯ್‌ನಲ್ಲಿ ಉಳಿಯಿತು. ಎರಡು ತಿಂಗಳು ತನ್ನ ಸರದಿಗಾಗಿ ಕಾಯಿತು. ಅಷ್ಟರಲ್ಲಿ ಸೋಂಕು ಏರಿ ಮತ್ತೆ ಬಾಗಿಲು ಬಿತ್ತು. ವರ್ಕ್‌ಶಾಪುಗಳಿಗೆ ತೆರೆಯಲು ಅನುಮತಿ ಇತ್ತು, ನಮಗೆ ರಾಜ್ಯ ದಾಟಲು ಇರಲಿಲ್ಲ. ಒಂದು ಬೆಳಿಗ್ಗೆ ಅಂಕಲ್ ವಿಡಿಯೋ ಕರೆ ಮಾಡಿ, ಗಾಡಿಯನ್ನು ಎತ್ತಿ ನಿಲ್ಲಿಸಿದ್ದೇನೆ, ನಿಮ್ಮ ಪೋರ್ಚಿನ ಒಳ ಉದ್ದ ಅಳೆದು ಹೇಳಿ, ಇವತ್ತೇ ಬೇಕು, ನಾಳೆ ಈ ಜಾಗಕ್ಕೆ ಬೇರೆ ಗಾಡಿ ಬರುತ್ತದೆ ಎಂದರು.

ಅಳತೆ ಎಂದ ಕೂಡಲೇ ನಮ್ಮವರು ತೋಳು ಮೇಲೇರಿಸಿದರು. ಇದು ಅವರ ಕ್ಷೇತ್ರ. ಆದರೆ ಅವರ ಉಕ್ಕಿನ ಟೇಪು ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿ ಕೂತು ನಿಲಾಯ್‌ನಲ್ಲಿತ್ತು. ಮನೆಯಲ್ಲಿದ್ದ ಒಂದೇ ಅಳತೆಯ ಸಾಧನ ಅವರ ವರ್ನಿಯರ್ ಕ್ಯಾಲಿಪರ್. ಸ್ಕ್ರೂ ಅಳೆಯುವುದು. ಪೂರ್ತಿ ಬಿಚ್ಚಿದರೆ ಆರು ಇಂಚು.

ನಾನು ನೋಡುತ್ತಿದ್ದ ಹಾಗೆಯೇ ಅವರು ಪೋರ್ಚಿನ ಗೋಡೆಯ ಬುಡದಲ್ಲಿ ಮಂಡಿಯೂರಿದರು. ಆರು ಇಂಚು ಇಟ್ಟು, ಪೆನ್ಸಿಲ್ ಗೀಟು ಹಾಕಿ, ಮುಂದೆ ಸರಿದು, ಮತ್ತೆ ಆರು ಇಂಚು. ಮೂವತ್ತು ಸಲ. ಗೇಟು ಮುಟ್ಟಿದಾಗ ಉತ್ತರ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಬಂತು. ಖಾತ್ರಿಗೆ ಎಂದು ಎರಡನೇ ಸಲ ಅಳೆದರು, ಉತ್ತರ ಎರಡು ಇಂಚು ಬೇರೆ ಬಂತು. ಮೂರನೇ ಸಲ ಇನ್ನೊಂದು ಬೇರೆಯೇ ಬಂತು. ಆದರೆ ಮೂರೂ ನೂರನೇ ಒಂದು ಭಾಗದವರೆಗೆ ನಿಖರ. ಅವರ ಶ್ರದ್ಧೆಗೆ ಬೆರಗಾದೆ, ಬೆನ್ನಿಗೆ ಮರುಗಿದೆ.

ನನಗೆ ಸಹನೆ ಕಡಿಮೆ. ಎದ್ದೇಳಿ ಎಂದು ಅವರನ್ನು ಸರಿಸಿ, ಮಲ್ಲಿಗೆ ಕೊಳ್ಳುವಾಗ ಅಳೆಯುವ ಹಾಗೆ ಮೊಳಕೈ ಊರಿ, ಬೆರಳ ತುದಿ ಗುರುತು ಮಾಡಿ, ಗೋಡೆಯಿಂದ ಗೇಟಿನವರೆಗೆ ಒಂದೇ ಸಲ ಅಳೆದುಬಿಟ್ಟೆ. ಹತ್ತು ಮೊಳ, ಮೇಲೆ ನಾಲ್ಕು ಬೆರಳು. ಅವರಿಗೆ ಸಿಟ್ಟು ಬಂತು. ಯಾರ ಮೊಳ, ಬ್ರಿಕ್‌ಫೀಲ್ಡ್ಸ್‌ನ ಹೂವಿನಾಕೆಯದೋ ನಿನ್ನದೋ, ಅದಕ್ಕೇನು ಪ್ರಮಾಣ ಎಂದರು. ಹೂವಿನಾಕೆಯ ಮೊಳ ಕೊಡುವಾಗ ಗಿಡ್ಡ, ನನ್ನ ಮೊಳ ಯಾವಾಗಲೂ ಒಂದೇ ಎಂದೆ. ಮಾತು ಬೆಳೆಯಿತು. ಮೆಟ್ಟಿಲ ಮೇಲೆ ನೆಟ್ಟಗೆ ನಿಲ್ಲಿಸಿದ್ದ ಫೋನಿನಲ್ಲಿ ಅಂಕಲ್ ಇನ್ನೂ ಇದ್ದಾರೆ ಎನ್ನುವುದು ಇಬ್ಬರಿಗೂ ಮರೆತೇಹೋಗಿತ್ತು.

"ಇಂಚು ಹೇಳು, ಇಲ್ಲಾ ಸೆಂಟಿಮೀಟರ್ ಹೇಳು" ಎಂದು ಇವರು. "ಮೊಳ, ಮೊಳ ಅಂದ್ರೆ ಮೊಳ. ಹತ್ತು ಮೊಳ" ಎಂದು ನಾನು.

ಫೋನಿನಿಂದ ಒಂದು ಸಣ್ಣ ದನಿ ಬಂತು. "ಮುಲಾ? ಬೊಲೆ." ಹಿಂದೆಯೇ ಕೊಯ್ಯುವ ಯಂತ್ರದ ಸದ್ದು.

ಮಲಯದಲ್ಲಿ ಮುಲಾ ಎಂದರೆ ಶುರು ಮಾಡು ಎಂದರ್ಥ. ಬೊಲೆ ಎಂದರೆ ಆಗಲಿ. ನಾವು ಫೋನಿಗೆ ಹಾರುವಷ್ಟರಲ್ಲಿ ಪರದೆಯ ತುಂಬ ಕಿಡಿ. ಇಬ್ಬರೂ ನಿಲ್ಲಿಸಿ ನಿಲ್ಲಿಸಿ ಎಂದು ಕನ್ನಡದಲ್ಲಿ ಕೂಗಿದೆವು, ಆ ಸದ್ದಿನಲ್ಲಿ ಅದು ಯಾವ ಭಾಷೆಯಾದರೂ ಒಂದೇ. ಯಂತ್ರ ನಿಂತಾಗ ಗಾಡಿ ಎರಡಾಗಿತ್ತು. ಮುಂದಿನದು ಒಂದು ಕಡೆ, ಹಿಂದಿನದು ಒಂದು ಕಡೆ, ನಡುವೆ ಅಂಕಲ್ ಕನ್ನಡಕ ಒರೆಸಿಕೊಳ್ಳುತ್ತ ನಿಂತಿದ್ದರು. ನಮ್ಮವರು ಪೋರ್ಚಿನಲ್ಲಿ ಹಾಗೇ ಕೂತುಬಿಟ್ಟರು. ನನ್ನ ಒಂದು ಮೊಳದಿಂದ ಅವರ ಗಾಡಿ ಹೋಯಿತಲ್ಲ ಎಂದು ನನಗೂ ಕಣ್ಣು ತುಂಬಿತು. ಬೇಡದ ಗಾಡಿಗೆ ನಾನೇ ಅಳುತ್ತಿದ್ದೆ.

ಅಳತೆಯೇ ಹೇಳಿರಲಿಲ್ಲವಲ್ಲ, ಎಷ್ಟು ಕತ್ತರಿಸಬೇಕು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅಂಕಲ್‌ಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಅಳತೆ ಕೇಳಿದ್ದು ನಿಮ್ಮದೂ ನನ್ನದೂ ಒಂದೇ ಇದೆಯೇ ಎಂದು ನೋಡಲು, ಆದರೆ ಮೇಡಂ ಬಹಳ ಅವಸರ ಮಾಡಿದರು, ಶುರು ಮಾಡು ಶುರು ಮಾಡು ಎಂದು ಕೂಗಿದರು, ಅದಕ್ಕೇ ಶುರು ಮಾಡಿದೆ ಎಂದರು. ಆಮೇಲೆ ಒಂದು ಫೋಟೋ ಕಳಿಸಿದರು. ಬಾಲ ಹೊರಗಿಟ್ಟುಕೊಂಡು ಗಾಡಿ ನಮ್ಮ ಪೋರ್ಚಿನಲ್ಲಿ ನಿಂತಿರುವ ಫೋಟೋ, ನಮ್ಮವರೇ ಮೊದಲು ತೋರಿಸಲು ಕಳಿಸಿದ್ದು. ಅದರಲ್ಲಿ ನೆಲದ ಟೈಲ್ಸ್ ಮೇಲೆ ಅಂಕಲ್ ಕೆಂಪು ಶಾಯಿಯಲ್ಲಿ ಒಂದರಿಂದ ಹದಿನೈದರವರೆಗೆ ಬರೆದಿದ್ದರು. ಒಂದಡಿಯ ಟೈಲು, ಹದಿನೈದು ಟೈಲು, ಹದಿನೈದು ಅಡಿ. ಗಾಡಿ ಹದಿನಾರೂವರೆ. ಎರಡಡಿ ತೆಗೆದರೆ ಅರ್ಧ ಅಡಿ ಗಾಳಿಯಾಡುತ್ತದೆ. ಅಷ್ಟೇ.

ನಾವು ಕೆಳಗೆ ನೋಡಿದೆವು. ಬೆಳಗಿನಿಂದ ಒಬ್ಬರು ಮಂಡಿಯೂರಿ, ಒಬ್ಬರು ಮೊಳಕೈ ಊರಿ ಒದ್ದಾಡಿದ್ದು ಅದೇ ಹದಿನೈದು ಟೈಲ್ಸ್ ಮೇಲೆ. ಇಂಥ ಬುದ್ಧಿಗೆ ಕೈಮುಗಿಯಬೇಕು ಎಂದು ನನಗೆ ಅನ್ನಿಸಿತು, ಫೋನಿಗೇ ಮುಗಿದೆ. ನಮ್ಮವರು ವರ್ನಿಯರ್ ಎತ್ತಿಕೊಂಡು ಒಂದು ಟೈಲನ್ನು ಎರಡು ಕಂತಿನಲ್ಲಿ ಅಳೆದು, "ಟೈಲ್ ಬರೋಬ್ಬರಿ ಒಂದ್ ಅಡಿ ಇಲ್ಲ. ಕ್ವಾಲಿಟಿ ಇಲ್ಲ ಇದಕ್ಕ" ಎಂದರು.

ಬೆಸುಗೆ

ಗಡಿ ತೆರೆಯುವ ಹೊತ್ತಿಗೆ ಮರುವರ್ಷದ ಕೊನೆ ಹತ್ತಿರವಾಗಿತ್ತು. ಎರಡೂ ಲಸಿಕೆ ಹಾಕಿಸಿಕೊಂಡು, ಸರ್ಟಿಫಿಕೇಟನ್ನು ಫೋನಿನಲ್ಲಿ ಇಟ್ಟುಕೊಂಡು ಮೂವರೂ ಬಾಡಿಗೆ ಕಾರಿನಲ್ಲಿ ನಿಲಾಯ್‌ಗೆ ಹೋದೆವು. ತಗಡಿನ ಮಾಡಿನ ಕೆಳಗೆ ಗಾಡಿ ನಿಂತಿತ್ತು. ನಾನು ಗುರುತು ಹಿಡಿಯಲಿಲ್ಲ. ಅದೇ ಸೊಪ್ಪಿನ ಬಣ್ಣ, ಆದರೆ ಮೊದಲಿಂದಲೂ ಇಷ್ಟೇ ಉದ್ದ ಇದ್ದಂತೆ, ಯಾರೂ ಎಂದೂ ಮುಟ್ಟಿಲ್ಲದಂತೆ ನಿಂತಿತ್ತು. ಪಕ್ಕದ ತಗಡಿನ ಮೇಲೆ ಕೈಯಾಡಿಸಿದೆ, ಎಲ್ಲೂ ಬೆರಳು ತಡೆಯಲಿಲ್ಲ. ಆಲ್ಟರ್ ಮಾಡಿದ ಬ್ಲೌಸಿನಲ್ಲಿ ಹಳೇ ಹೊಲಿಗೆಯ ತೂತು ಕಾಣದಂತೆ ಮಾಡುವ ದರ್ಜಿ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಇವರು ಕಬ್ಬಿಣದಲ್ಲಿ ಮಾಡಿದ್ದರು.

ಅಂಕಲ್ ನಮ್ಮವರ ಕೈಗೆ ಒಂದು ಟಾರ್ಚು ಕೊಟ್ಟು, ಚಾಸಿಯ ಬೆಸುಗೆ ಎಲ್ಲಿದೆ ಹುಡುಕಿ ಎಂದರು. ನಮ್ಮವರಿಗೆ ಅಷ್ಟೇ ಬೇಕಿತ್ತು. ಹದಿನೆಂಟು ವರ್ಷದಿಂದ ಬೇರೆಯವರ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಂಡವರು. ಜೇಬಿನಿಂದ ಭೂತಗನ್ನಡಿ ತೆಗೆದು ಗಾಡಿಯಡಿಗೆ ಮಲಗಿ ಒಳಸರಿದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಎರಡು ಕಾಲು ಮಾತ್ರ ಹೊರಗಿತ್ತು, ಅದೂ ಆಗಾಗ ದಿಕ್ಕು ಬದಲಿಸುತ್ತಿತ್ತು. ಅಂಕಲ್ ನನಗೂ ಮಗಳಿಗೂ ಎದುರಿನ ಅಂಗಡಿಯಿಂದ ಚಹಾ ತಪಾವು, ಅಂದರೆ ಪಾರ್ಸೆಲ್ ಮಾಡಿಸಿ ತಂದು, ಪ್ಲಾಸ್ಟಿಕ್ ಚೀಲದಲ್ಲಿ ಸ್ಟ್ರಾ ಹಾಕಿ ಕೊಟ್ಟರು. ಕುಡಿದು ಮುಗಿಸಿದೆವು.

ಕೊನೆಗೆ ಗಾಡಿಯಡಿಯಿಂದ "ಸಿಕ್ತು" ಎಂದು ದನಿ ಬಂತು. ತಲೆಗೆ ಗ್ರೀಸು ಮೆತ್ತಿಕೊಂಡು ಹೊರಬಂದ ನಮ್ಮವರು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಜಾಗ ತೋರಿಸಿದರು. ಕೆಲಸ ಚೆನ್ನಾಗಿದೆ, ಆದರೆ ಇಲ್ಲಿ ಒಂದು ಕಡೆ ಕೈ ಸ್ವಲ್ಪ ಜಾರಿದೆ, ಬೆಸುಗೆ ಒರಟಾಗಿದೆ, ನನ್ನ ಕಣ್ಣಿಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ ಎಂದರು. ಅಂಕಲ್ ಬಗ್ಗಿ ನೋಡಿ ತಲೆಯಾಡಿಸಿ ಒಪ್ಪಿಕೊಂಡರು. ಹೌದು, ಅದು ಒರಟು, ನಾನೂ ಅವತ್ತೇ ನೋಡಿದೆ, ಅದು ಜಪಾನಿನ ಕಾರ್ಖಾನೆಯವರು ಹಾಕಿದ್ದು ಎಂದರು.

ಎದುರುಮನೆ

ಹೊರಡುವಾಗ ಅಂಕಲ್ ಕತ್ತರಿಸಿದ ತುಂಡುಗಳನ್ನೆಲ್ಲ ಹಳೇ ಪತ್ರಿಕೆಯಲ್ಲಿ ಸುತ್ತಿ ತೊಟ್ಟಿಯಲ್ಲಿ ಇಟ್ಟುಕೊಟ್ಟರು. ಚಾಸಿಯ ನಾಲ್ಕು ತುಂಡು, ನೆಲದ ತಗಡು, ಶಾಫ್ಟಿನ ಒಂದು ಕೊಳವೆ. ಇದೇಕೆ ಎಂದರೆ, ನಿಮ್ಮ ಗಾಡಿ, ನಿಮ್ಮ ಕಬ್ಬಿಣ ಎಂದರು. ನಮ್ಮವರು ಅದನ್ನು ಅಸ್ಥಿ ತಂದಂತೆ ಬಹಳ ನಿಧಾನವಾಗಿ ಡ್ರೈವ್ ಮಾಡಿಕೊಂಡು ಸುಬಾಂಗ್ ಜಯಾಗೆ ತಂದರು. ಮಗಳು ಅಪ್ಪನ ಪಕ್ಕ ಕೂತಳು, ನಾನು ಬಾಡಿಗೆ ಕಾರಿನಲ್ಲಿ ಹಿಂದೆ ಬಂದೆ. ನನಗೂ ನಮ್ಮವರಿಗೂ ಗೊತ್ತಿತ್ತು, ಗೇಟು ಮುಚ್ಚದಿದ್ದರೆ ನಾಳೆ ಗಾಡಿ ಮಾರಾಟಕ್ಕೆ. ಅಂಕಲ್ ಮೇಲೆ ನಂಬಿಕೆ ಇತ್ತು, ಆದರೂ ದಾರಿಯುದ್ದಕ್ಕೂ ನಾನು ಹದಿನೈದನ್ನು ಎಣಿಸುತ್ತಲೇ ಬಂದೆ.

ಗಾಡಿಯ ಸದ್ದಿಗೆ ಬೀದಿಯವರೆಲ್ಲ ತಮ್ಮತಮ್ಮ ಗೇಟಿಗೆ ಬಂದರು. ಒಂದು ವರ್ಷ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರಲಿಲ್ಲ, ಈಗ ಎಲ್ಲರೂ ಮಾಸ್ಕ್ ಹಾಕಿಕೊಂಡು ನಮ್ಮ ಗಾಡಿಯ ಹಿಂಭಾಗ ನೋಡುತ್ತ ನಿಂತರು. ಸಮಿತಿಯ ಕಾರ್ಯದರ್ಶಿಯೂ ಬಂದಿದ್ದರು. ನಮ್ಮವರು ಇಂಚಿಂಚಾಗಿ ಒಳಗೆ ತಂದು, ಗೋಡೆಗೆ ಮೂತಿ ಹತ್ತಿರ ಮಾಡಿ, ಇಂಜಿನ್ ಆಫ್ ಮಾಡಿದರು. ಇಳಿಯಲಿಲ್ಲ. ಸೀಟಿನಲ್ಲೇ ಕೂತು ಕಣ್ಣು ಮುಚ್ಚಿಕೊಂಡಿದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಗೇಟನ್ನು ನಾನೇ ಎಳೆದೆ. ಅದು ಗಾಡಿಯ ಹಿಂದೆ ಸಲೀಸಾಗಿ ಹಾದು, ಚಿಲಕ ತಾನಾಗಿ ಬಿತ್ತು. ಗೇಟಿಗೂ ಗಾಡಿಗೂ ನಡುವೆ ಅರ್ಧ ಅಡಿ ಗಾಳಿ, ಅಂಕಲ್ ಹೇಳಿದಷ್ಟೇ.

ಬೀದಿಯಲ್ಲಿ ಚಪ್ಪಾಳೆ ಬಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಮದುವೆಗೆ ಹೋಗದ ದುಃಖ ಅಲ್ಲಿಗೆ ಪೂರ್ತಿ ಇಳಿಯಿತು. ನಮ್ಮವರು ಇಳಿದು ಬಂದು ಚಿಲಕವನ್ನು ಒಂದು ಸಲ ಮುಟ್ಟಿ ನೋಡಿದರು. ಬೇಡದ ಗಾಡಿಯ ಬಗ್ಗೆ ನನಗೆ ಇಷ್ಟು ಹೆಮ್ಮೆ ಬಂದದ್ದು ನೋಡಿ ಮಗಳು ಒಂದು ಹೆಜ್ಜೆ ದೂರ ನಿಂತಳು.

ಆಗ ಎದುರು ಸಾಲಿನ ತುದಿಯ ಮನೆಯ ಚೀನೀ ಅಜ್ಜಿ ಊರುಗೋಲು ಹಿಡಿದು ಬೀದಿ ದಾಟಿ ಬಂದರು. ಎಂಬತ್ತು ದಾಟಿದವರು, ಒಬ್ಬರೇ ಇರುವುದು. ನಮಗೂ ಅಜ್ಜಿಗೂ ಪರಿಚಯ ಇಷ್ಟು ವರ್ಷದಲ್ಲಿ ತಲೆಯಾಡಿಸುವುದನ್ನು ದಾಟಿರಲಿಲ್ಲ. ಅಜ್ಜಿ ಗಾಡಿಯನ್ನು ನೋಡಿದರು, ಗೇಟನ್ನು ನೋಡಿದರು, ಉದ್ದದ ಗಾಡಿ ಇತ್ತಲ್ಲ ಅದೆಲ್ಲಿ ಹೋಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇದೇ ಅದು, ಪೋರ್ಚಿನಲ್ಲಿ ಹಿಡಿಯಲಿಲ್ಲ, ಎರಡಡಿ ಕತ್ತರಿಸಿ ಕೂಡಿಸಿದ್ದು ಎಂದು ನಮ್ಮವರು ಅಭಿಮಾನದಿಂದ ಹೇಳಿದರು. ಎಷ್ಟಾಯಿತು ಎಂದರು ಅಜ್ಜಿ. ಎಲ್ಲ ಸೇರಿ ಹನ್ನೊಂದು ಸಾವಿರ ಎಂದರು ಇವರು. ನನಗೆ ಗೊತ್ತಿದ್ದದ್ದು ಒಂಬತ್ತು ಮಾತ್ರ, ಆದರೆ ಅವತ್ತು ಜಗಳವಾಡುವ ಮನಸ್ಸಿರಲಿಲ್ಲ.

ಅಜ್ಜಿ ಊರುಗೋಲೆತ್ತಿ ತಮ್ಮ ಮನೆಯ ಕಡೆ ತೋರಿಸಿದರು. ನನ್ನ ಮಗಳು ಸಿಂಗಾಪುರದಲ್ಲಿ ಕೆಲಸದಲ್ಲಿದ್ದಾಳೆ, ಕಾರು ಅವಳ ಹತ್ತಿರವೇ ಇದೆ, ಗಡಿ ಮುಚ್ಚಿದ ಮೇಲೆ ಬಂದೇ ಇಲ್ಲ, ಅದಕ್ಕೆ ಮುಂಚೆಯೂ ಬರುತ್ತಿದ್ದದ್ದು ವರ್ಷಕ್ಕೆ ಒಂದು ಸಲ ಎಂದರು. ನಾವು ತಿರುಗಿ ನೋಡಿದೆವು. ಮೂಲೆಮನೆ. ಪಕ್ಕದ ಜಾಗವೂ ಅವರದೇ. ಎರಡು ಕಾರು ಒಂದರ ಹಿಂದೆ ಒಂದು ನಿಲ್ಲುವಷ್ಟು ಉದ್ದದ ಪೋರ್ಚು, ಅದರಲ್ಲಿ ಬಟ್ಟೆ ಒಣಹಾಕುವ ಒಂದು ಸ್ಟ್ಯಾಂಡು.

"ಅಯ್ಯಾ, ಯಾಕೆ ಕತ್ತರಿಸಿದಿರಿ? ನನ್ನದು ಖಾಲಿ ಲಾ. ದುಡ್ಡೂ ಬೇಡವಾಗಿತ್ತು. ನೀವು ಕೇಳಲೇ ಇಲ್ಲ."

ಕಾರ್ಯದರ್ಶಿ ಮೆಲ್ಲನೆ ತಮ್ಮ ಮನೆಯ ಕಡೆ ಹೆಜ್ಜೆ ಹಾಕಿದರು. ನಮ್ಮವರು ಒಮ್ಮೆ ಆ ಪೋರ್ಚನ್ನು, ಒಮ್ಮೆ ಗಾಡಿಯನ್ನು ನೋಡುತ್ತ, ಕಣ್ಣಿನಲ್ಲೇ ಅಲ್ಲಿನ ಟೈಲ್ಸ್ ಎಣಿಸುತ್ತಿದ್ದರೆಂದು ನನಗೆ ಗೊತ್ತಾಯಿತು. ನಾನು ನಗು ತಡೆಯಲು ಮಾಸ್ಕ್ ಒತ್ತಿ ಹಿಡಿದುಕೊಂಡೆ, ಆದರೂ ಹೆಗಲು ಕುಣಿಯುತ್ತಿತ್ತು.

ಅಜ್ಜಿಗೆ ಇವರ ಮುಖ ನೋಡಿ ಮರುಕವಾಗಿರಬೇಕು. ಗೇಟಿನ ಸಂದಿಯಿಂದ ತೊಟ್ಟಿಯೊಳಗೆ ಇಣುಕಿ, ಪತ್ರಿಕೆಯಲ್ಲಿ ಸುತ್ತಿಟ್ಟ ಕಬ್ಬಿಣದ ತುಂಡುಗಳನ್ನು ಊರುಗೋಲಿನಿಂದ ತೋರಿಸಿ ಏನೆಂದು ಕೇಳಿದರು. ಕತ್ತರಿಸಿ ತೆಗೆದ ಎರಡಡಿ ಎಂದೆ. ಅಜ್ಜಿ ಇವರ ತೋಳು ತಟ್ಟಿ, ಪರವಾಗಿಲ್ಲ, ಈ ಎರಡಡಿಯನ್ನಾದರೂ ನಮ್ಮ ಪೋರ್ಚಿನಲ್ಲಿ ನಿಲ್ಲಿಸಿಕೊಳ್ಳಿ, ಜಾಗ ಇದೆ ಎಂದರು.